ಆರು ಬಾಟಲಿ, ಎಂಟು ಮೂಗು

ರಮ್ ಕಬ್ಬಿನ ಮದ್ಯ. ಸಕ್ಕರೆ ಕಾರ್ಖಾನೆಯಲ್ಲಿ ಹರಳುಗಟ್ಟದೆ ಉಳಿಯುವ ಕಪ್ಪು ಪಾಕಕ್ಕೆ ಕಾಕಂಬಿ ಎಂದು ಹೆಸರು. ಅದಕ್ಕೆ ನೀರು ಬೆರೆಸಿ, ಯೀಸ್ಟ್ ಹಾಕಿ ಹುಳಿಯಲು ಬಿಟ್ಟು, ಭಟ್ಟಿ ಇಳಿಸಿದರೆ ಬರುವುದು ರಮ್. ಕೆಲವು ಕಡೆ ಕಾಕಂಬಿಯ ಬದಲು ಕಬ್ಬಿನ ಹಾಲನ್ನೇ ಹುಳಿಸುತ್ತಾರೆ, ಅಪರೂಪಕ್ಕೆ ಬೆಲ್ಲವನ್ನು. ಭಟ್ಟಿಯಿಂದ ಇಳಿಯುವಾಗ ಅದು ನೀರಿನಷ್ಟೇ ತಿಳಿ. ಓಕ್ ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಇಟ್ಟರೆ ಕಂದು ಬಣ್ಣ ಬರುತ್ತದೆ. ಅಷ್ಟು ಕಾಯಲು ವ್ಯವಧಾನವಿಲ್ಲದ ಕಡೆ ಸುಟ್ಟ ಸಕ್ಕರೆಯ ಬಣ್ಣ ಆ ಕೆಲಸ ಮಾಡುತ್ತದೆ. ಭಾರತದಲ್ಲಿ ರಮ್ ಕುಡಿಯುವವರಿಗೆ ಬರವಿಲ್ಲ, ಅದರ ರುಚಿ ನೋಡಿದವರು ಮಾತ್ರ ಕಡಿಮೆ. ಕೋಲಾ ಸುರಿದ ಮೇಲೆ ಒಳಗೆ ಯಾವ ಊರಿನ ರಮ್ ಇದ್ದರೂ ನಾಲಗೆಗೆ ಗೊತ್ತಾಗುವುದಿಲ್ಲ.

ಕೋಲಾವನ್ನು ಒಂದು ಸಂಜೆಯ ಮಟ್ಟಿಗೆ ಬಾಗಿಲಾಚೆ ಇಟ್ಟ ಕೂಟವೊಂದು 2018ರಲ್ಲಿ, ಸಂಕ್ರಾಂತಿ ಕಳೆದ ಮೊದಲ ಶನಿವಾರ, ಹೈದರಾಬಾದಿನ ನಾರಾಯಣಗೂಡದ ಒಂದು ಮನೆಯ ತಾರಸಿಯಲ್ಲಿ ಸೇರಿತ್ತು. ನೆಪ ಒದಗಿದ್ದು ಒಂದು ಸಾವಿನ ಸುದ್ದಿಯಿಂದ. ಓಲ್ಡ್ ಮಾಂಕ್ ತಯಾರಿಸುವ ಮೋಹನ್ ಮೀಕಿನ್ ಕಂಪನಿಯನ್ನು ದಶಕಗಟ್ಟಲೆ ನಡೆಸಿದ ನಿವೃತ್ತ ಬ್ರಿಗೇಡಿಯರ್ ಕಪಿಲ್ ಮೋಹನ್ ಆ ಜನವರಿ 6ರಂದು ತೀರಿಕೊಂಡಿದ್ದರು. 1954ರ ಡಿಸೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದ, ಜಾಹೀರಾತಿನ ಹಂಗಿಲ್ಲದೆ ದೇಶವೆಲ್ಲ ಹರಡಿದ ಆ ರಮ್‌ನ ಒಡೆಯರು ಸ್ವತಃ ಮದ್ಯ ಮುಟ್ಟದವರು ಎಂಬುದನ್ನು ಪತ್ರಿಕೆಗಳೆಲ್ಲ ಬರೆದವು. ಅವರ ನೆನಪಿಗೆ ಒಂದು ಬಾಟಲಿ ಒಡೆಯೋಣ ಎಂದು ಶುರುವಾದ ಮಾತು ಆರು ಬಾಟಲಿಗೆ ಬೆಳೆಯಿತು.

ನಾರಾಯಣಗೂಡದಲ್ಲಿ ಇಂಥ ಕೂಟಕ್ಕೆ ಕನ್ನಡದವರು ಸಿಗುವುದು ಆಶ್ಚರ್ಯದ ಸಂಗತಿಯಲ್ಲ. ಬೀದರ, ಕಲಬುರಗಿ, ರಾಯಚೂರು 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಅಲ್ಲಿಯವರಿಗೆ ಓದು, ನೌಕರಿ, ಕೋರ್ಟು, ಆಸ್ಪತ್ರೆ ಎಲ್ಲಕ್ಕೂ ಶಹರ ಎಂದರೆ ಹೈದರಾಬಾದೇ. ಪಕ್ಕದ ಕಾಚಿಗುಡದಲ್ಲಿ ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಇರುವುದು ಆ ಸಂಬಂಧದ ಗುರುತು. ತಾರಸಿಯ ಏಳು ಮಂದಿಯಲ್ಲಿ ಮೂವರು ನೃಪತುಂಗದಲ್ಲಿ ಓದಿದವರು. ಮನೆಯ ಯಜಮಾನರು ಬೀದರ ಜಿಲ್ಲೆಯ ಕಬ್ಬು ಬೆಳೆಯುವ ಮನೆತನದಿಂದ ಬಂದ ಬ್ಯಾಂಕ್ ಅಧಿಕಾರಿ. ಉಳಿದವರಲ್ಲಿ ಅಬ್ಕಾರಿ ಪ್ರಯೋಗಾಲಯದಲ್ಲಿ ದುಡಿದು ನಿವೃತ್ತರಾದ ತೆಲುಗು ಮಾತಿನ ರಸಾಯನ ತಜ್ಞರೊಬ್ಬರು, ಸಿಕಂದರಾಬಾದಿನಲ್ಲಿ ನೆಲೆನಿಂತ ಕೊಡಗಿನ ಸುಬೇದಾರರು, ಉಡುಪಿ ಕಡೆಯ ಹೋಟೆಲ್ ಮನೆತನದ ಹುಡುಗ, ಬೇಕರಿ ನಡೆಸುವ ಒಬ್ಬ ಹೆಂಗಸು. ಎಂಟನೆಯವರು ಯಜಮಾನರ ತಾಯಿ, ಎಪ್ಪತ್ತು ದಾಟಿದ ಅವ್ವ. ಕಪಿಲ್ ಮೋಹನರಂತೆ ಅವರೂ ಒಂದು ಹನಿ ಮುಟ್ಟಿದವರಲ್ಲ. ಮೇಲೆ ಬಂದದ್ದು ಶೇಂಗಾ ತಟ್ಟೆ ಇಟ್ಟು ಹೋಗಲು, ಆದರೆ ಹೋಗಲಿಲ್ಲ.

ರುಚಿ ನೋಡುವುದಕ್ಕೆ ಒಂದು ಕ್ರಮವಿದೆ. ಬಾಟಲಿಯ ಹೆಸರು ಕಂಡರೆ ನಾಲಗೆ ಸುಳ್ಳು ಹೇಳುತ್ತದೆ ಎಂಬ ಕಾರಣಕ್ಕೆ ಎಲ್ಲವನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಅಂಕಿ ಹಾಕಲಾಗಿತ್ತು. ಯಜಮಾನರು ಬರೆದದ್ದು ಕನ್ನಡ ಅಂಕಿ. ಕನ್ನಡ ಅಂಕಿಗೂ ತೆಲುಗು ಅಂಕಿಗೂ ಇರುವ ಅಂತರ ಕೂದಲೆಳೆಯಷ್ಟಾದ್ದರಿಂದ ಅದು ಯಾರಿಗೂ ತೊಡಕಾಗಲಿಲ್ಲ. ಕೆಳಗೆ ಅಗಲವಾಗಿ ಬಾಯಿಗೆ ಕಿರಿದಾಗುವ ಲೋಟ ಬೇಕು, ವಾಸನೆ ಒಳಗೆ ನಿಲ್ಲಲಿಕ್ಕೆ. ಮನೆಯಲ್ಲಿದ್ದ ಬ್ರಾಂದಿ ಲೋಟ ನಾಲ್ಕೇ. ಉಳಿದವು ಪಕ್ಕದ ಮನೆಯಿಂದ ಬಂದವು. ಅಳತೆಗೆ ಕೆಮ್ಮಿನ ಔಷಧಿಯ ಪ್ಲಾಸ್ಟಿಕ್ ಮುಚ್ಚಳ, ಒಬ್ಬರಿಗೆ ಒಂದು ಸಲಕ್ಕೆ 15 ಮಿಲಿ. ಆರು ಸುತ್ತಿಗೆ 90 ಮಿಲಿ, ಅಂದರೆ ಮೂರು ಚಿಕ್ಕ ಪೆಗ್. ಕಸುಬುದಾರ ರುಚಿಗಾರರು ಬಾಯಲ್ಲಿ ಆಡಿಸಿ ಉಗುಳುತ್ತಾರೆ. ಅದಕ್ಕೂ ಒಂದು ಸ್ಟೀಲ್ ಪಾತ್ರೆ ಇಟ್ಟಿತ್ತು. ಸಂಜೆಯ ಕೊನೆಗೆ ಅದರಲ್ಲಿ ಬಿದ್ದದ್ದು ಶೇಂಗಾ ಸಿಪ್ಪೆ ಮಾತ್ರ.

ಮೂಗಿಗೂ ಒಂದು ಪಾಠವಿದೆ. ಹೂವು ಮೂಸುವ ಹಾಗೆ ಲೋಟದೊಳಗೆ ಮೂಗಿಟ್ಟು ಎಳೆದರೆ ಸ್ಪಿರಿಟ್ ಮೂಗನ್ನು ಸುಟ್ಟು ಒಂದು ಗಳಿಗೆ ಏನೂ ತಿಳಿಯದ ಹಾಗೆ ಮಾಡುತ್ತದೆ. ಲೋಟವನ್ನು ಗದ್ದದ ಮಟ್ಟದಲ್ಲಿ ಹಿಡಿದು, ಬಾಯಿ ಸ್ವಲ್ಪ ತೆರೆದು, ವಾಸನೆ ತಾನಾಗಿ ಏರಿ ಬರಲು ಬಿಡಬೇಕು. ಆಮೇಲೆ ಒಂದು ಗುಟುಕು, ನಾಲಗೆ ಒದ್ದೆಯಾಗುವಷ್ಟು. ಬಳಿಕ ಎರಡು ಹನಿ ನೀರು. ನೀರು ಬಿದ್ದಾಗ ಅಡಗಿದ್ದ ವಾಸನೆಗಳು ಹೊರಗೆ ಬರುತ್ತವೆ. ನಡುನಡುವೆ ಬಾಯಿಗೆ ಉಸ್ಮಾನಿಯಾ ಬಿಸ್ಕತ್ತಿನ ಚೂರು. ಸಿಹಿ ಉಪ್ಪು ಎರಡೂ ಇರುವ ಆ ಬಿಸ್ಕತ್ತು ನಾಲಗೆ ಒರೆಸುವ ಬಟ್ಟೆಯ ಹಾಗೆ ಕೆಲಸ ಮಾಡಿತು. ಕೆಳಗಿನ ಬಂಡಿಯಿಂದ ತಂದ ಮಿರ್ಚಿ ಬಜ್ಜಿಯ ಪೊಟ್ಟಣವನ್ನು ಆರನೇ ಲೋಟ ಮುಗಿಯುವವರೆಗೆ ಬಿಚ್ಚಕೂಡದೆಂದು ಯಜಮಾನರ ಅಪ್ಪಣೆಯಾಗಿತ್ತು. ಬಿಸಿ ಬಜ್ಜಿಯ ವಾಸನೆ ಮೂಗಿಗೆ ಬಡಿಯುತ್ತಿರುವಾಗ ಅದು ಸಣ್ಣ ಶಿಕ್ಷೆಯಲ್ಲ.

ಬಾಟಲಿಗಳ ಸರದಿ ಶಕ್ತಿಯ ಲೆಕ್ಕದಲ್ಲಿ, ಸೌಮ್ಯದಿಂದ ಉಗ್ರಕ್ಕೆ. ಮೊದಲನೆಯದು ಬಾರ್ಬಡೋಸ್ ದ್ವೀಪದ ಮೌಂಟ್ ಗೇ. 1703ರ ದಾಖಲೆಪತ್ರವೊಂದರ ಬಲದಿಂದ ರಮ್ ಭಟ್ಟಿಗಳಲ್ಲೇ ಹಳೆಯದೆಂದು ಹೇಳಿಕೊಳ್ಳುವ ಮನೆ ಅದು. ಎರಡನೆಯದು ಬೆಂಗಳೂರಿನ ಖೋಡೆಯವರ ಹರ್ಕ್ಯುಲಿಸ್, ಮೂರನೆಯದು ಓಲ್ಡ್ ಮಾಂಕ್, ನಾಲ್ಕನೆಯದು ಬೆಂಗಳೂರಿನದೇ ಅಮೃತ್ ಡಿಸ್ಟಿಲರಿಯ ಟೂ ಇಂಡೀಸ್. ಐದನೆಯದು ಫ್ರೆಂಚರ ಮಾರ್ಟಿನಿಕ್ ದ್ವೀಪದ, ಕಬ್ಬಿನ ಹಾಲಿನಿಂದ ಇಳಿಸಿದ ಬಿಳಿ ರಮ್. ಕೊನೆಯದು ಜಮೈಕಾದ ಬಿಳಿ ರಮ್, ಮದ್ಯಸಾರದ ಪ್ರಮಾಣ ನೂರಕ್ಕೆ 63ರಷ್ಟು. ಮೂರು ವಿದೇಶಿ ಬಾಟಲಿಗಳೂ ವಿಮಾನ ನಿಲ್ದಾಣದ ಸುಂಕರಹಿತ ಅಂಗಡಿಗಳಿಂದ ಬೇರೆ ಬೇರೆಯವರ ಚೀಲದಲ್ಲಿ ಬಂದವು. ಒಬ್ಬ ಪ್ರಯಾಣಿಕ ಸುಂಕವಿಲ್ಲದೆ ತರಬಹುದಾದ್ದು 2 ಲೀಟರ್.

ಬರೆದುಕೊಳ್ಳಲು ಹಂಚಿದ ಹಾಳೆ ಹೊರಗಿನದು. ಅದರಲ್ಲಿ ವಾಸನೆಗಳ ಹೆಸರು ಮೊದಲೇ ಅಚ್ಚಾಗಿದ್ದವು: ಟಾಫಿ, ಟ್ರೀಕಲ್, ಕ್ರಿಸ್ಮಸ್ ಕೇಕ್, ಫಡ್ಜ್. ಮೊದಲ ಲೋಟಕ್ಕೆ ಏಳೂ ಜನ ಶಾಲೆಯ ಮಕ್ಕಳಂತೆ ಅವುಗಳಿಗೆ ಟಿಕ್ ಹಾಕಿದರು. ಟ್ರೀಕಲ್ ಎಂದರೇನೆಂದು ಕೇಳಿದರೆ ಬೇಕರಿಯವರ ಹೊರತು ಯಾರಿಗೂ ಗೊತ್ತಿರಲಿಲ್ಲ. ಆಗ ಯಜಮಾನರು ಲೋಟವನ್ನು ತಾಯಿಯ ಕಡೆ ಹಿಡಿದು, "ಅವ್ವಾ, ಇದು ಏನ್ ವಾಸನಿ ನೋಡು" ಎಂದರು. ಅವ್ವ ಸೆರಗು ಮೂಗಿಗೆ ಅಡ್ಡ ಹಿಡಿದೇ ಬಗ್ಗಿದರು. ಆಮೇಲೆ ಸೆರಗು ಸರಿಸಿದರು. "ಬಾಳಿಹಣ್ಣು. ಭಾಳ ಹಣ್ಣಾಗಿದ್ದು. ಹಿಂದ ಒಣ ಕೊಬ್ಬರಿ ಅದ ನೋಡು." ಏಳೂ ಜನ ಮತ್ತೆ ಮೂಸಿದರು. ಬಾಳೆಹಣ್ಣೂ ಇತ್ತು, ಕೊಬ್ಬರಿಯೂ ಇತ್ತು. ಹಾಳೆಗಳು ಮಗುಚಿಬಿದ್ದವು; ಅಲ್ಲಿಂದ ಮುಂದೆ ಎಲ್ಲರೂ ಬರೆದದ್ದು ಹಿಂಬದಿಯ ಖಾಲಿ ಪುಟದ ಮೇಲೆ.

ಎರಡನೆಯ ಲೋಟವನ್ನು ಸುಬೇದಾರರು ಮೂಸುವ ಮೊದಲೇ ಗುರುತಿಸಿದರು. ಕ್ಯಾಂಟೀನಿನ ರಮ್ ಫೌಜಿಗೆ ಕೇವಲ ಪಾನೀಯವಾಗಿರುವುದಿಲ್ಲ; ಎತ್ತರದ ಠಾಣೆಯ ಚಳಿ, ಬಡಾ ಖಾನಾ, ರಜೆಗೆ ಊರಿಗೆ ಹೋಗುವಾಗ ಟ್ರಂಕಿನ ತಳಕ್ಕೆ ಸೇರುವ ಎರಡು ಬಾಟಲಿ, ಎಲ್ಲ ಅದರೊಳಗಿವೆ. ಸೈನಿಕನಿಗೆ ರಮ್ ಕೊಡುವ ರೂಢಿ ಬ್ರಿಟಿಷರಿಂದ ಬಂದದ್ದು. ಅವರ ನೌಕಾಪಡೆ 1655ರಲ್ಲಿ ಜಮೈಕಾ ಹಿಡಿದ ಮೇಲೆ ನಾವಿಕರಿಗೆ ರಮ್ ಹಂಚತೊಡಗಿತು. ದಿನಪಡಿಯನ್ನು ನಿಲ್ಲಿಸಿದ್ದು 1970ರ ಜುಲೈ 31ಕ್ಕೆ. ಸುಬೇದಾರರು ಬರೆದ ಟಿಪ್ಪಣಿ ಎರಡೇ ಪದ: "ಹಸಿ ಕಂಬಳಿ." ವಾಸನೆಯದೋ ನೆನಪಿನದೋ ಎಂದು ಬೇಕರಿಯವರು ಕೇಳಿದಾಗ ಅವರು ನಕ್ಕು, ಎರಡನ್ನೂ ಬೇರೆ ಮಾಡಲು ತಮಗೆ ಬರುವುದಿಲ್ಲ ಎಂದರು. ರುಚಿ ನೋಡುವ ವಿದ್ಯೆಯ ಒಳಗುಟ್ಟು ಬಹುಶಃ ಇಷ್ಟೇ.

ಮೂರನೆಯದು ಹೆಚ್ಚಿನವರನ್ನು ಬೀಳಿಸಿತು. ಏಳರಲ್ಲಿ ಐವರು ಓಲ್ಡ್ ಮಾಂಕ್‌ನ ಹಳೆಯ ಭಕ್ತರು, ಕಣ್ಣು ಕಟ್ಟಿದರೂ ಗುರುತಿಸುತ್ತೇವೆ ಎಂದು ಪಣ ಕಟ್ಟಿದ್ದವರು. ಪತ್ರಿಕೆ ಬಿಚ್ಚುವ ಮೊದಲು ಸರಿಯಾಗಿ ಹೆಸರಿಸಿದ್ದು ಇಬ್ಬರು. ಉಡುಪಿಯ ಹುಡುಗ ಇದು ಯಾವುದೋ ದುಬಾರಿ ವಿದೇಶಿ ಎಂದು ಬರೆದಿದ್ದ. ವೆನಿಲ್ಲಾ, ಒಣದ್ರಾಕ್ಷಿ, ಸುಟ್ಟ ಸಕ್ಕರೆ ಎಂದು ಪಟ್ಟಿಯನ್ನೂ ಕೊಟ್ಟಿದ್ದ. ಹಾಸ್ಟೆಲಿನ ನಾಲ್ಕು ವರ್ಷ ಅದನ್ನೇ ಕುಡಿದರೂ ಕೋಲಾ ಇಲ್ಲದೆ ಅದರ ಮುಖವನ್ನು ಆತ ಕಂಡದ್ದು ಅಂದೇ.

ಬಾಟಲಿ ಬಿಚ್ಚಿದಾಗ ಚೀಟಿಯ ಮೇಲಿನ 42.8 ಎಂಬ ಅಂಕಿ ಚರ್ಚೆಗೆ ಬಂತು. ನಲವತ್ತಲ್ಲ, ನಲವತ್ತೈದಲ್ಲ, ಇದೇನು ಲೆಕ್ಕ? ಇದು ರಸಾಯನ ತಜ್ಞರ ಹೊಲ. ಹಿಂದೆ ಇಂಗ್ಲೆಂಡಿನಲ್ಲಿ ಮದ್ಯದ ಗಟ್ಟಿತನ ಪರೀಕ್ಷಿಸಲು ಅದನ್ನು ಕೋವಿಮದ್ದಿನ ಮೇಲೆ ಸುರಿದು ಬೆಂಕಿ ತಾಗಿಸುತ್ತಿದ್ದರಂತೆ. ಮದ್ದು ಹೊತ್ತಿಕೊಂಡರೆ ಮದ್ಯ ಪ್ರೂಫ್ ಆಯಿತು, ಹೊತ್ತದಿದ್ದರೆ ನೀರು ಹೆಚ್ಚಾಗಿದೆ ಎಂದು ಅರ್ಥ. ಮುಂದೆ ಸೈಕ್ಸ್ ಎಂಬಾತನ ಹೈಡ್ರೋಮೀಟರ್ ಆ ಬೆಂಕಿಯಾಟದ ಬದಲಿಗೆ ಬಂದು 100 ಪ್ರೂಫ್ ಎಂದರೆ ನೂರಕ್ಕೆ 57.1 ಭಾಗ ಮದ್ಯಸಾರ ಎಂದು ನಿಂತಿತು. ಭಾರತದ ಅಬ್ಕಾರಿ ಲೆಕ್ಕ ಆ ಅಳತೆಯನ್ನೇ ಎತ್ತಿಕೊಂಡಿತು. ಇಲ್ಲಿನ ಬಾಟಲಿ ಪ್ರೂಫಿಗಿಂತ 25 ಡಿಗ್ರಿ ಕೆಳಗೆ, ಅಂದರೆ 75 ಡಿಗ್ರಿ. 57.1ರ ಮುಕ್ಕಾಲು ಪಾಲು ಎಷ್ಟು? ಬ್ಯಾಂಕಿನವರು ಹಾಳೆಯ ಅಂಚಿನಲ್ಲಿ ಗುಣಿಸಿದರು: 42.8. ದೇಶದ ಮೂಲೆಮೂಲೆಯ ವೈನ್ ಶಾಪಿನ ಕಪಾಟುಗಳಲ್ಲಿ ಕೂತಿರುವ ಈ ಚಿಲ್ಲರೆ ಅಂಕಿಯ ಹಿಂದೆ ಕೋವಿಮದ್ದಿನ ಹೊಗೆ ಇದೆ ಎಂಬುದು ಆ ತಾರಸಿಯಲ್ಲಿ ಹೆಚ್ಚಿನವರಿಗೆ ಹೊಸದು.

ನಾಲ್ಕನೇ ಲೋಟಕ್ಕೆ ಅವ್ವ ಎಲ್ಲರಿಗಿಂತ ಮೊದಲೇ ಕೈ ಚಾಚಿದರು. ಬಹಳ ಹೊತ್ತು ಹಿಡಿದುಕೊಂಡೇ ಕೂತರು. "ಇದರಾಗ ಗಾಣದ ಮನಿ ಅದ," ಎಂದರು. "ಕೊಪ್ಪರಿಗಿ ಇಳಿಸಿ ಅಚ್ಚಿಗಿ ಸುರೂತಾರಲ್ಲ, ಆವಾಗಿನ ವಾಸನಿ. ಸ್ವಲ್ಪ ಹೊಗಿ." ಪತ್ರಿಕೆ ಬಿಚ್ಚಿ ಚೀಟಿ ಓದಿದರೆ ಜಮೈಕಾ, ಬಾರ್ಬಡೋಸ್, ಗಯಾನಾಗಳ ರಮ್ ಜೊತೆ ಭಾರತದ ಬೆಲ್ಲದಿಂದ ಇಳಿಸಿದ ರಮ್ ಬೆರೆಸಿದೆ ಎಂದಿತ್ತು. ಹೆಸರಿನ ಟೂ ಇಂಡೀಸ್ ಎಂದರೆ ಆ ಪಶ್ಚಿಮದ ಇಂಡೀಸ್, ಈ ಇಂಡಿಯಾ. ಮೂರು ಹೊರದೇಶಗಳ ರಮ್‌ಗಳ ಮಿಶ್ರಣದ ನಡುವಿನಿಂದ ಬೆಲ್ಲವೊಂದನ್ನೇ ಎತ್ತಿ ತೋರಿಸಿದ ಮೂಗಿಗೆ ಸುಬೇದಾರರು ಎದ್ದು ನಿಂತು ಸಲಾಮು ಹೊಡೆದರು.

ಅಮೃತ್ 1948ರಲ್ಲಿ ರಾಧಾಕೃಷ್ಣ ಜಗದಾಳೆಯವರು ಬೆಂಗಳೂರಿನಲ್ಲಿ ಆರಂಭಿಸಿದ ಕಂಪನಿ. ಅವರ ಮಗ ನೀಲಕಂಠ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೇ ಹೋಗಿ ಭಾರತದ ಸಿಂಗಲ್ ಮಾಲ್ಟ್ ವಿಸ್ಕಿ ಬಿಡುಗಡೆ ಮಾಡಿದ್ದರಿಂದ ಹೆಸರಾಯಿತು. ಬಿಸಿ ಸೀಮೆಯಲ್ಲಿ ಮದ್ಯ ಬೇಗ ಹಣ್ಣಾಗುತ್ತದೆ ಎಂಬುದಕ್ಕೆ ಆ ಮನೆ ಒಂದು ಉದಾಹರಣೆ. ಪೀಪಾಯಿಯ ಮರದ ರಂಧ್ರಗಳಿಂದ ಮದ್ಯ ಆವಿಯಾಗಿ ಹೋಗುವ ಭಾಗಕ್ಕೆ ಭಟ್ಟಿಯವರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನ ದೇವತೆಗಳು ವರ್ಷಕ್ಕೆ ನೂರಕ್ಕೆ 2ರಷ್ಟಕ್ಕೆ ತೃಪ್ತರು. ಬೆಂಗಳೂರಿನವರು 10ಕ್ಕಿಂತ ಕಡಿಮೆ ಮುಟ್ಟುವುದಿಲ್ಲ. ರಸಾಯನ ತಜ್ಞರ ಲೆಕ್ಕದಂತೆ, ವರ್ಷಕ್ಕೆ 10 ಎಂದೇ ಹಿಡಿದರೂ 100 ಲೀಟರ್ ತುಂಬಿದ ಪೀಪಾಯಿಯಲ್ಲಿ 7 ವರ್ಷಕ್ಕೆ ಉಳಿಯುವುದು 48 ಲೀಟರ್. ಅಲ್ಲಿನ 18 ವರ್ಷದ ಬಾಟಲಿಯ ಎದುರು ಇಲ್ಲಿನ 5 ವರ್ಷದ್ದನ್ನು ಎಳೆಗರು ಎಂದು ಹೀಗಳೆಯುವವರು ಈ ಲೆಕ್ಕ ಹಾಕುವುದಿಲ್ಲ.

ಐದನೆಯ ಲೋಟಕ್ಕೆ ಒಂದು ಸಾಕ್ಷಿ ಮನೆಯಲ್ಲೇ ಇತ್ತು. ಸಂಕ್ರಾಂತಿ ಪೂಜೆಗೆ ತಂದ ಕಬ್ಬಿನ ಜಲ್ಲೆಯೊಂದು ಮೂಲೆಯಲ್ಲಿ ಒರಗಿತ್ತು. ಕಬ್ಬಿನ ಹಾಲಿನ ರಮ್ ಮೂಸಿ ಹಸಿ ಹುಲ್ಲು ಎಂದವರು ಒಬ್ಬರು, ಆಲಿವ್ ಎಂದವರು ಇನ್ನೊಬ್ಬರು. ಯಜಮಾನರು ಕುಡುಗೋಲಿನಿಂದ ಗಿಣ್ಣು ಕಡಿದು ಸಿಪ್ಪೆ ಸುಲಿದು ಎಲ್ಲರ ಕೈಗೂ ಒಂದೊಂದು ತುಂಡು ಕೊಟ್ಟರು. ಒಂದು ಕೈಯಲ್ಲಿ ಸುಲಿದ ಸಿಪ್ಪೆ, ಇನ್ನೊಂದರಲ್ಲಿ ಲೋಟ. ಎರಡರ ವಾಸನೆಯೂ ಒಂದೇ: ಆ ಹಸಿರು, ಸ್ವಲ್ಪ ಮಣ್ಣು, ಸಿಪ್ಪೆಯ ಮೇಲಿನ ಬಿಳಿ ಬೂದಿಯ ಒಗರು. ಮಾರ್ಟಿನಿಕ್‌ನವರು ಈ ಬಗೆಯ ರಮ್‌ಗೆ 1996ರಲ್ಲಿ ಫ್ರೆಂಚ್ ವೈನ್‌ಗಳಿಗಿರುವಂಥ ಊರ ಹೆಸರಿನ ರಕ್ಷಣೆ ಪಡೆದರು. ಕಾಕಂಬಿ ಎಷ್ಟು ದೂರ ಬೇಕಾದರೂ ಹೋದೀತು. ಕಬ್ಬಿನ ಹಾಲು ಮಾತ್ರ ಗಾಣದ ಬಾಯಲ್ಲೇ ಹುಳಿಯತೊಡಗುತ್ತದೆ, ಆದ್ದರಿಂದ ಅದನ್ನು ಹೊಲದ ಬದಿಯಲ್ಲೇ ಭಟ್ಟಿಗೆ ಹಾಕಬೇಕು. ಊರಿನ ಗುರುತು ಅದಕ್ಕೆ ಅಂಟಿರುವುದು ಹೀಗೆ.

ಕಬ್ಬಿನಿಂದ ಮದ್ಯ ಮಾಡುವುದನ್ನು ಈ ನಾಡಿಗೆ ಕೆರಿಬಿಯನ್ ದ್ವೀಪಗಳು ಕಲಿಸಬೇಕಿರಲಿಲ್ಲ. ಮನುಸ್ಮೃತಿ ಸುರೆಯಲ್ಲಿ ಮೂರು ಬಗೆ ಹೇಳುತ್ತದೆ. ಮೊದಲನೆಯದು ಗೌಡಿ, ಬೆಲ್ಲದ್ದು. ನಿಷೇಧಿಸಲಿಕ್ಕಾಗಿ ಹೇಳಿದ್ದು ನಿಜ, ಆದರೆ ಇಲ್ಲದ್ದನ್ನು ಯಾರೂ ನಿಷೇಧಿಸುವುದಿಲ್ಲ. ಅವ್ವನ ತವರಿಗೆ ಹತ್ತಿರದ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿದ್ದಾಗ, 12ನೇ ಶತಮಾನದಲ್ಲಿ, ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ ಬರೆಸಿದ ಮಾನಸೋಲ್ಲಾಸದ ಕ್ರೀಡೆಗಳ ಭಾಗದಲ್ಲಿ ಮದಿರಾಪಾನಕ್ರೀಡೆಗೇ ಒಂದು ಜಾಗವಿದೆ, ಒಗಟು ಮತ್ತು ಚದುರಂಗದ ನೆರೆಯಲ್ಲಿ. ಕಲ್ಯಾಣದ ಅರಸನಿಗೆ ಪಾನ ಒಂದು ಆಟವಾಗಿತ್ತು, ಆಟಕ್ಕೆ ನಿಯಮವಿತ್ತು.

ನಿಯಮವಿಲ್ಲದ ಕುಡಿತದ ಕಥೆಯೂ ಆ ಸಂಜೆ ಬಂತು. ಹೈದರಾಬಾದ್ ರಾಜ್ಯದ ಸಾರಾಯಿ ಬಹುಪಾಲು ಹಿಪ್ಪೆ ಹೂವಿನದು. ನಾರಾಯಣಗೂಡದ ಹಳೆಯ ಸರ್ಕಾರಿ ಭಟ್ಟಿಯ ಬಗ್ಗೆ ರಸಾಯನ ತಜ್ಞರು ಹೇಳಿದರು. ಹುಳಿಯುತ್ತಿದ್ದ ಹೂವಿನ ಕಮಟು ಗಾಳಿ ಬೀಸಿದ ಕಡೆಗೆಲ್ಲ ಹೋಗುತ್ತಿತ್ತಂತೆ. 1980ರ ದಶಕದಲ್ಲಿ ಸಾರಾಯಿ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಳ್ಳಿಹಳ್ಳಿಗೆ ಹೋಯಿತು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು ಅದರ ವಿರುದ್ಧ ತಿರುಗಿಬಿದ್ದರು, 1993ರ ಅಕ್ಟೋಬರ್‌ನಲ್ಲಿ ಸಾರಾಯಿ ನಿಂತಿತು, 1995ರ ಜನವರಿಯಲ್ಲಿ ಎನ್.ಟಿ. ರಾಮರಾವ್ ಸರ್ಕಾರ ಪೂರ್ಣ ಪಾನನಿಷೇಧ ತಂದಿತು. 1997ರಲ್ಲಿ ಸಡಿಲವಾಗುವವರೆಗೆ ನಾರಾಯಣಗೂಡದ ರಮ್ ಪ್ರಿಯರಿಗೆ ಬೀದರವೇ ಕಾಶಿ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ, ಗಡಿ ದಾಟಿ, ಬಸ್ ನಿಲ್ದಾಣದ ಎದುರಿನ ಬಾರಿನಲ್ಲಿ ನಿಂತಲ್ಲೇ ನಿಂತು ಗಂಟಲಿಗೆ ಸುರಿದುಕೊಂಡು ಕೊನೆಯ ಬಸ್ಸಿಗೆ ಮರಳುವುದು. ತರುವ ಹಾಗಿಲ್ಲ, ಕೂರುವ ಹೊತ್ತಿಲ್ಲ. ಯಜಮಾನರೂ ಹಾಗೆ ಹೋಗಿಬಂದವರಲ್ಲಿ ಒಬ್ಬರು. ರಮ್‌ಗೆ ವಾಸನೆಯೊಂದಿದೆ ಎಂದು ಆ ಎರಡು ವರ್ಷ ತಲೆಗೇ ಬರಲಿಲ್ಲ ಎಂದರು.

ಅವ್ವ ಈ ಮಾತಿಗೆ ನಗಲಿಲ್ಲ. "ನೀವು ಸಿರಪ್ಪಿನ ಮುಚ್ಚಳದಾಗ ಕುಡೀತೀರಿ. ನಮ್ಮೂರಾಗ ತಂಬಿಗಿಲೆ ಕುಡೀತಿದ್ರು," ಎಂದರು. ಸಾರಾಯಿಗೆ ಹೊಲ ಹಾಕಿದ ಎರಡು ಮನೆಗಳನ್ನು ನೆನೆದರು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಊರಿನ ಹೆಂಗಸರು ಮಾರುತಿ ಗುಡಿಗೆ ಕಾಯಿ ಒಡೆಸಿದರಂತೆ. ತಾರಸಿಯಲ್ಲಿ ಒಂದಷ್ಟು ಹೊತ್ತು ಯಾರೂ ಲೋಟ ಎತ್ತಲಿಲ್ಲ. ಆಮೇಲೆ ಅವರೇ "ಆರನೇದು ಎಲ್ಲಿ ಅದ? ತಾ ಇತ್ತ" ಎಂದರು.

ಆರನೆಯದು ಜಮೈಕಾದ್ದು. ಭಾರತದ ದೊಡ್ಡ ಕಾರ್ಖಾನೆಗಳಲ್ಲಿ ಕಾಕಂಬಿ ಒಂದೆರಡು ದಿನದಲ್ಲಿ ಹುಳಿದು ಎತ್ತರದ ಕಂಬ ಭಟ್ಟಿಗೆ ಹೋಗುತ್ತದೆ. ಆ ಭಟ್ಟಿ ಮದ್ಯಸಾರವನ್ನು ಎಷ್ಟು ಚೊಕ್ಕಟವಾಗಿ ಬೇರ್ಪಡಿಸುತ್ತದೆ ಎಂದರೆ ವಾಸನೆಯೂ ಹೊರಟುಹೋಗುತ್ತದೆ. ಜಮೈಕಾದ ಹಳೆಯ ಪದ್ಧತಿ ಇದಕ್ಕೆ ತಿರುಗುಮುರುಗು. ಹಿಂದಿನ ಭಟ್ಟಿಯ ತಳದ ಗಷ್ಟನ್ನು ಹುದುಗಿಗೆ ಸೇರಿಸಿ ಒಂದೆರಡು ವಾರ ಹುಳಿಸುತ್ತಾರೆ, ದೋಸೆ ಹಿಟ್ಟಿಗೆ ಹಳೆಯ ಹಿಟ್ಟು ಬೆರೆಸುವ ಹಾಗೆ. ಬಳಿಕ ತಾಮ್ರದ ಹಂಡೆಯಲ್ಲಿ ನಿಧಾನವಾಗಿ ಇಳಿಸುತ್ತಾರೆ. ಹುದುಗಿನ ಹುಳಿಗಳು ಮದ್ಯಸಾರದೊಡನೆ ಕೂಡಿ ಎಸ್ಟರ್‌ಗಳಾಗುತ್ತವೆ. ಹಣ್ಣಿನ ವಾಸನೆ ಕೊಡುವ ರಾಸಾಯನಿಕಗಳು ಇವೇ. ರಸಾಯನ ತಜ್ಞರು ನೈಲ್ ಪಾಲಿಶ್ ಎಂದರು, ಬೇಕರಿಯವರು ಅನಾನಸ್ ಎಸೆನ್ಸ್ ಎಂದರು. ಉಡುಪಿಯ ಹುಡುಗ ಮಾತ್ರ ಲೋಟ ಮೂಗಿಗೆ ತಂದವನೇ ಹಿಂದಕ್ಕೆ ವಾಲಿ "ಹಲಸು! ಅಂಗಳದಲ್ಲಿ ಬಿದ್ದು ಒಡೆದ ಹಲಸು!" ಎಂದು ಕೂಗಿದ. ಅವ್ವನ ಸೀಮೆಯಲ್ಲಿ ಹಲಸಿಲ್ಲ. ಅವರು ಮೂಗು ಸಿಂಡರಿಸಿ ಲೋಟ ಕೆಳಗಿಟ್ಟರು. ಅವರಲ್ಲಿ ಪದವಿಲ್ಲದೆ ಹೋದದ್ದು ಆ ಒಂದು ಲೋಟಕ್ಕೆ ಮಾತ್ರ.

ಬಜ್ಜಿ ಅಷ್ಟರಲ್ಲಿ ತಣ್ಣಗಾಗಿತ್ತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಬಂದವು. ಉಳಿದ ಬಾಟಲಿಗಳನ್ನು ತಂದವರೇ ಹಿಂದಕ್ಕೆ ಒಯ್ದರು. ಓಲ್ಡ್ ಮಾಂಕ್ ಮಾತ್ರ ಉಳಿಯಲಿಲ್ಲ, ಊಟದ ಜೊತೆ ಮುಗಿಯಿತು, ಬಿಸಿನೀರು ಬೆರೆಸಿ. ಹಾಳೆಗಳನ್ನು ಯಜಮಾನರು ಒಟ್ಟುಮಾಡಿ ಬ್ಯಾಂಕಿನ ಹಳೆಯ ಫೈಲಿಗೆ ಸೇರಿಸಿದರು. ಹಿಂಬದಿಗಳ ತುಂಬ ಹಣ್ಣು ಬಾಳೆ, ಒಣ ಕೊಬ್ಬರಿ, ಗಾಣದ ಮನಿ, ಹಸಿ ಕಂಬಳಿ, ಹಲಸು.

ಕಸುಬುದಾರರಲ್ಲಿ ಇನ್ನೊಂದು ರೂಢಿಯಿದೆ. ಖಾಲಿ ಲೋಟವನ್ನು ರಾತ್ರಿ ತೊಳೆಯದೆ ಬಿಟ್ಟು ಬೆಳಿಗ್ಗೆ ಮೂಸುವುದು. ಮದ್ಯಸಾರವೆಲ್ಲ ಆರಿಹೋದ ಮೇಲೆ ಉಳಿಯುವುದು ಭಟ್ಟಿಯ, ಪೀಪಾಯಿಯ ಅಸಲು ವಾಸನೆ. ನಾರಾಯಣಗೂಡದಲ್ಲಿ ಅದು ನಡೆದದ್ದು ಯಾರಿಗೋ ಆ ರೂಢಿ ನೆನಪಿತ್ತೆಂದಲ್ಲ, ಪಾತ್ರೆ ತಿಕ್ಕುವಾಕೆ ಭಾನುವಾರ ಬರುವುದಿಲ್ಲ ಎಂಬ ಕಾರಣಕ್ಕೆ. ಬೆಳಿಗ್ಗೆ ತಾವೇ ತೊಳೆಯಲು ಕೂತ ಅವ್ವ ಒಂದೊಂದನ್ನೇ ಮೂಸಿ ನೋಡಿದರು. ಒಂದೆರಡರಲ್ಲಿ ಏನೂ ಇರಲಿಲ್ಲ. ನಾಲ್ಕನೆಯದರಲ್ಲಿ ಬೆಲ್ಲ ಇನ್ನೂ ಇತ್ತು. ಆರನೆಯದನ್ನು ಹುಣಸೆಹಣ್ಣು ಹಾಕಿ ಎರಡು ಸಲ ತಿಕ್ಕಿದರು. ಆದರೂ ಪಕ್ಕದ ಮನೆಯವರಿಗೆ ಅದನ್ನು ಮರಳಿಸಿದ್ದು ಎರಡು ದಿನ ಬಿಸಿಲಿಗಿಟ್ಟ ಮೇಲೆಯೇ.